ತಳಿಯ ಗುರಿ ಬರೆಯುವವರಿಗೆ: ಹುಳ ತಡೆಯುವ ಶಕ್ತಿ ಪುಕ್ಕಟೆ ಬರುವುದಿಲ್ಲ

ಸಾಕುಪ್ರಾಣಿಗಳ ತಳಿ ಸುಧಾರಣೆಗೆ ಗುರಿ ನಿಗದಿ ಮಾಡುವ ಎಲ್ಲ ಮಾನ್ಯರಿಗೆ,

ನಮಸ್ಕಾರ.

ನಾನು ಕುರಿಯ ಹಿಕ್ಕೆಯಲ್ಲಿ ಜಂತುಹುಳದ ಮೊಟ್ಟೆ ಎಣಿಸುವವಳು. ವರ್ಷಗಳಿಂದ ಇದೇ ಕೆಲಸ. ಯಾವ ಟಗರನ್ನು ತಳಿಗೆ ಇಟ್ಟುಕೊಳ್ಳಬೇಕು, ಯಾವುದನ್ನು ಹಿಂಡಿನಿಂದ ತೆಗೆಯಬೇಕು ಅಂತ ತೀರ್ಮಾನಿಸುವ ನಿಮ್ಮ ಪಟ್ಟಿಯಲ್ಲಿ ‘ಗ್ರಾಂಗೆ ಎಷ್ಟು ಮೊಟ್ಟೆ’ ಅನ್ನುವ ಒಂದು ಅಂಕಣ ಇರುತ್ತದಲ್ಲ, ಆ ಅಂಕಣಕ್ಕೆ ಸಂಖ್ಯೆ ಬರುವುದು ನನ್ನಂಥವರ ಮೇಜಿನಿಂದ. ಆ ಸಂಖ್ಯೆಯ ಬಗ್ಗೆಯೇ ಈ ಪತ್ರ.

ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. 2 ಗ್ರಾಂ ಹಿಕ್ಕೆ ತೂಗುತ್ತೇನೆ. ಇನ್ನು ಉಪ್ಪು ಕರಗುವುದೇ ಇಲ್ಲ ಅನ್ನುವಷ್ಟು ಗಟ್ಟಿಯಾದ ಉಪ್ಪುನೀರಿನಲ್ಲಿ ಅದನ್ನು ಕಲಸಿ ಒಟ್ಟು 30 ಮಿಲಿಲೀಟರ್ ಮಾಡಿಕೊಳ್ಳುತ್ತೇನೆ. ಸೋಸಿ, ಗೆರೆ ಎಳೆದ ಮ್ಯಾಕ್‌ಮಾಸ್ಟರ್ ಗಾಜಿನ ಎರಡು ಕೋಣೆಗಳಿಗೆ ತುಂಬುತ್ತೇನೆ. ಆಮೇಲೆ ಐದು ನಿಮಿಷ ಸುಮ್ನೆ ಬಿಡಬೇಕು. ಮೊಟ್ಟೆಗಳು ಆ ಉಪ್ಪುನೀರಿಗಿಂತ ಹಗುರ. ನಿಧಾನವಾಗಿ ತೇಲಿ ಬಂದು ಮೇಲಿನ ಗಾಜಿಗೆ ತಾಗಿ ನಿಲ್ಲುತ್ತವೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಮೊದಲು ಕಾಣುವುದು ದಪ್ಪ ಕಪ್ಪು ಅಂಚಿನ ಗಾಳಿಗುಳ್ಳೆಗಳು. ಅವುಗಳ ನಡುವೆ ಉದ್ದುದ್ದ ಗುಂಡಗೆ, ತೆಳು ಸಿಪ್ಪೆಯ ಮೊಟ್ಟೆ. ಒಳಗೆ ಹಿಪ್ಪುನೇರಳೆ ಹಣ್ಣಿನ ಹಾಗೆ ಒತ್ತೊತ್ತಾಗಿ ಕೂತ ಜೀವಕೋಶಗಳು. ಎರಡೂ ಕೋಣೆಗಳ ಗೆರೆಗಳೊಳಗೆ ಸಿಕ್ಕ ಒಂದೊಂದು ಮೊಟ್ಟೆಗೂ ಗ್ರಾಂಗೆ 50 ಅಂತ ಲೆಕ್ಕ.

ಒಂದು ಸಲ ಮೇವು ತೀರಾ ಕಡಿಮೆಯಿದ್ದ ತಿಂಗಳಲ್ಲಿ ಮಾದರಿ ತರಲು ನಾನೇ ಹೋಗಿದ್ದೆ. ಒಂದೇ ಹಿಂಡಿನ, ಒಂದೇ ವಯಸ್ಸಿನ ಎರಡು ತಾಯಿಕುರಿಗಳು ಅಕ್ಕಪಕ್ಕ ನಿಂತಿದ್ದವು. ಒಂದರ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಗಳು ಒಂದೊಂದಾಗಿ ಎಣಿಸುವ ಹಾಗೆ ಸಿಗುತ್ತಿದ್ದವು. ಅದಕ್ಕಿದ್ದದ್ದು ಒಂದೇ ಮರಿ. ಅದೂ ಬಡಕಲು. ಇನ್ನೊಂದರ ಬೆನ್ನು ತುಂಬಿತ್ತು. ಅವಳಿ ಮರಿಗಳು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿದ್ದವು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ. ಎರಡಕ್ಕೂ ಕೆಂಪಗೆ ಇತ್ತು, ರಕ್ತ ಕಡಿಮೆಯಾಗಿಲ್ಲ. ಪ್ರಯೋಗಾಲಯಕ್ಕೆ ಬಂದು ಎಣಿಸಿದೆ. ಅವಳಿ ಹೆತ್ತ ಕುರಿಯ ಗಾಜಿನಲ್ಲಿ 16 ಮೊಟ್ಟೆ, ಅಂದರೆ ಗ್ರಾಂಗೆ 800. ಬಡಕಲು ಕುರಿಯದ್ದು ಸೊನ್ನೆ. ಗಾಜನ್ನು ಮತ್ತೆ ತುಂಬಿ ನೋಡಿದೆ. ಆಗಲೂ ಸೊನ್ನೆಯೇ.

ನಿಮ್ಮ ಪಟ್ಟಿಯ ಪ್ರಕಾರ ಆ ಸೊನ್ನೆಯ ಕುರಿಗೆ ಮೊದಲ ಸ್ಥಾನ.

ಎರಡು ಕುರಿ ನೋಡಿ ಯಾರೂ ಏನನ್ನೂ ಸಾಬೀತು ಮಾಡಲಾಗದು, ಅದು ನನಗೂ ಗೊತ್ತು. ಬಡಕಲಾಗಿರಲು ಬೇರೆ ನೂರು ಕಾರಣ ಇರಬಹುದು. ಆದರೆ ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹುಳವನ್ನು ಹೊರಗಿಡಲು ಆ ಕುರಿ ಏನನ್ನು ಖರ್ಚು ಮಾಡಿರಬಹುದು? ಅದನ್ನು ಬರೆದುಕೊಳ್ಳಲು ನಮ್ಮ ಯಾವ ಪಟ್ಟಿಯಲ್ಲೂ ಜಾಗ ಇಲ್ಲವಲ್ಲ?

ಮೊಟ್ಟೆಯ ಎಣಿಕೆ ಇಳಿಸಬೇಕು ಅನ್ನುವ ನಿಮ್ಮ ಗುರಿಯ ಹಿಂದಿರುವ ಆತಂಕ ನನಗೆ ಅರ್ಥವಾಗುತ್ತದೆ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಅನ್ನುವ ಹುಳ ಇದೆ. ಅದರ ಒಂದು ಹೆಣ್ಣು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹುಳ ಜಾಸ್ತಿಯಾದರೆ ಕಣ್ಣುರೆಪ್ಪೆ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ, ಕೊನೆಗೆ ಕುರಿ ಬೀಳುತ್ತದೆ. ಕೊಡುವ ಜಂತುನಾಶಕಗಳಿಗೆ ಹುಳಗಳು ಒಂದೊಂದಾಗಿ ಬಗ್ಗದಂತಾಗುತ್ತಿವೆ. ಹಾಗಾಗಿ ಔಷಧಿಯ ಬದಲು ಕುರಿಯನ್ನೇ ಗಟ್ಟಿ ಮಾಡೋಣ ಅನ್ನುವ ಯೋಚನೆ ಬಂದಿದೆ. ಯೋಚನೆ ಒಳ್ಳೆಯದೇ. ಕಡಿಮೆ ಮೊಟ್ಟೆ ಹಾಕುವ ಗುಣ ತಂದೆತಾಯಿಯಿಂದ ಮರಿಗೆ ಒಂದು ಮಟ್ಟಿಗೆ ಇಳಿಯುತ್ತದೆ, ಆರಿಸುತ್ತಾ ಹೋದರೆ ಎಣಿಕೆ ಕಡಿಮೆಯಾಗಿಯೇ ಆಗುತ್ತದೆ. ನನ್ನ ತಕರಾರು ಇರುವುದು ಸೊನ್ನೆಯನ್ನೇ ಗೆಲುವು ಅಂದುಕೊಳ್ಳುವುದರ ಬಗ್ಗೆ.

ಸ್ವಲ್ಪ ಯೋಚಿಸಿ ನೋಡಿ. ಹುಳವನ್ನು ತಡೆಯುವುದರಿಂದ ಬರೀ ಲಾಭವೇ ಇದ್ದಿದ್ದರೆ ಪ್ರಕೃತಿ ಈ ಕೆಲಸವನ್ನು ಎಂದೋ ಮುಗಿಸಿರುತ್ತಿತ್ತು, ಅಲ್ವಾ? ತಡೆಯುವ ಪ್ರಾಣಿ ಬದುಕಿ ಹೆಚ್ಚು ಮರಿ ಹಾಕಿ, ತಡೆಯದ ಪ್ರಾಣಿ ಅಳಿದು, ಇವತ್ತು ಎಲ್ಲ ಪ್ರಾಣಿಗಳೂ ಒಂದೇ ಸಮ ಗಟ್ಟಿಯಾಗಿರಬೇಕಿತ್ತು. ಹಾಗಾಗಿಲ್ಲ. ಯಾವ ಹಿಂಡನ್ನೇ ನೋಡಿ, ಯಾವ ಕಾಡುಪ್ರಾಣಿಯನ್ನೇ ನೋಡಿ, ಕೆಲವು ಗಟ್ಟಿ, ಕೆಲವು ಮೆದು. ಇದಕ್ಕೆ ಒಂದು ಕಾರಣ ಪರೋಪಜೀವಿಯೂ ಸುಮ್ಮನೆ ಕೂರುವುದಿಲ್ಲ ಅನ್ನುವುದು. ಪ್ರಾಣಿ ಹೊಸ ಬೀಗ ಹಾಕಿದರೆ ಅದು ಹೊಸ ಕೀಲಿ ಮಾಡಿಕೊಳ್ಳುತ್ತದೆ. ಇನ್ನೊಂದು ಕಾರಣ, ಬೀಗಕ್ಕೂ ದುಡಿಮೆ ಬೇಕು. ಆ ದುಡಿಮೆಯನ್ನು ಬೆಳವಣಿಗೆಯಿಂದಲೋ ಮರಿ ಹಾಕುವುದರಿಂದಲೋ ಕಿತ್ತುಕೊಂಡೇ ತರಬೇಕು.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಹಣ್ಣುನೊಣಗಳ ಮೇಲೆ ನಡೆದ ಒಂದು ಪ್ರಯೋಗ. ಕ್ರಾಯೆವೆಲ್ಡ್ ಮತ್ತು ಗಾಡ್‌ಫ್ರೇ ಎಂಬ ಇಬ್ಬರು ವಿಜ್ಞಾನಿಗಳು ಮಾಡಿ 1997ರಲ್ಲಿ ಪ್ರಕಟಿಸಿದ್ದು. ನನಗೆ ಇದು ಎಷ್ಟು ಇಷ್ಟ ಅಂದರೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ.

ಕೊಳೆತ ಹಣ್ಣಿನಲ್ಲಿ ಹಣ್ಣುನೊಣದ ಮರಿಹುಳಗಳು ಬೆಳೆಯುತ್ತಿರುತ್ತವೆ. ಅಲ್ಲಿಗೆ ಅಸೋಬಾರ ಅನ್ನುವ ಪುಟ್ಟ ಕಣಜ ಬರುತ್ತದೆ. ಮರಿಹುಳದ ಮೈಗೆ ಕೊಂಡಿ ಚುಚ್ಚಿ ಒಳಗೇ ಒಂದು ಮೊಟ್ಟೆ ಇಡುತ್ತದೆ. ಮರಿಹುಳ ಸುಮ್ಮನಿದ್ದರೆ ಕಥೆ ಮುಗಿಯಿತು. ಕಣಜದ ಮರಿ ಅದನ್ನು ಒಳಗಿನಿಂದ ತಿಂದು ಮುಗಿಸುತ್ತದೆ, ನೊಣ ಹಾರಿ ಬರಬೇಕಾದ ಗೂಡಿನಿಂದ ಕಣಜ ಹಾರಿ ಬರುತ್ತದೆ. ಆದರೆ ಕೆಲವು ಮರಿಹುಳಗಳು ಎದುರಿಸುತ್ತವೆ. ಅವುಗಳ ರಕ್ತಕಣಗಳು ಓಡಿ ಬಂದು ಆ ಮೊಟ್ಟೆಯನ್ನು ಸುತ್ತಲೂ ಮುತ್ತಿಕೊಳ್ಳುತ್ತವೆ. ಪದರದ ಮೇಲೆ ಪದರ ಕಟ್ಟುತ್ತವೆ. ಆಮೇಲೆ ಆ ಕವಚ ಕಪ್ಪಾಗಿ ಗಟ್ಟಿಯಾಗುತ್ತದೆ. ಒಳಗಿದ್ದ ಮೊಟ್ಟೆ ಸಾಯುತ್ತದೆ. ಬದುಕುಳಿದ ನೊಣದ ಹೊಟ್ಟೆಯೊಳಗೆ ಆ ಕಪ್ಪು ಚುಕ್ಕೆ ಹಾಗೇ ಉಳಿದಿರುತ್ತದೆ.

ಅವರು ಮಾಡಿದ್ದು ಇಷ್ಟೇ. ಕಣಜದ ದಾಳಿಯಿಂದ ಬದುಕಿ ಬಂದ ನೊಣಗಳನ್ನೇ ಆರಿಸಿ ಮುಂದಿನ ಪೀಳಿಗೆ ಬೆಳೆಸಿದರು. ಮತ್ತೆ ದಾಳಿ, ಮತ್ತೆ ಆಯ್ಕೆ. ಶುರುವಿನಲ್ಲಿ ನೂರಕ್ಕೆ 5 ಮರಿಹುಳಗಳಷ್ಟೇ ಕಣಜದ ಮೊಟ್ಟೆಯನ್ನು ಕೊಲ್ಲುತ್ತಿದ್ದವು. ಐದೇ ಪೀಳಿಗೆಯಲ್ಲಿ ಅದು ನೂರಕ್ಕೆ 60ಕ್ಕೆ ಏರಿತು. ತಳಿ ಸುಧಾರಣೆಯ ಕಣ್ಣಿನಿಂದ ನೋಡಿದರೆ ಇಷ್ಟು ದೊಡ್ಡ ಯಶಸ್ಸು ಎಲ್ಲಿ ಸಿಗುತ್ತದೆ?

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಈ ಗಟ್ಟಿ ನೊಣಗಳ ಮರಿಗಳನ್ನು ಬೇರೆ ಮರಿಹುಳಗಳ ಜತೆ ಪೈಪೋಟಿಗೆ ಬಿಟ್ಟು ನೋಡಿದರು. ಈಗ ಕಣಜವೇ ಇಲ್ಲ. ಆಹಾರ ಧಾರಾಳವಾಗಿದ್ದಾಗ ವ್ಯತ್ಯಾಸವೇ ಕಾಣಲಿಲ್ಲ. ಆಹಾರ ಕಡಿಮೆ ಮಾಡಿ ಮರಿಹುಳಗಳು ಒಂದರ ಮೇಲೊಂದು ಬೀಳುವ ಹಾಗೆ ಮಾಡಿದಾಗ ಗಟ್ಟಿ ತಳಿಯ ಮರಿಗಳೇ ಜಾಸ್ತಿ ಸತ್ತವು. ಮುಂದೆ ಕಾರಣ ಹುಡುಕಿದಾಗ ಗೊತ್ತಾಗಿದ್ದು ಇದು: ಗಟ್ಟಿ ತಳಿಯ ಮೈಯಲ್ಲಿ ರಕ್ತಕಣಗಳು ಸುಮಾರು ಎರಡರಷ್ಟಿದ್ದವು. ಜತೆಗೆ ಆ ಮರಿಹುಳಗಳು ತಿನ್ನುವ ವೇಗ ಇಳಿದಿತ್ತು. ಮರಿಹುಳದ ಬಾಯಲ್ಲಿ ಆಹಾರ ಕೆರೆದುಕೊಳ್ಳುವ ಒಂದು ಕೊಕ್ಕೆ ಇರುತ್ತದೆ. ಅದು ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅಂತ ಕೂತು ಎಣಿಸಿದ್ದಾರೆ. ಎಣಿಸುವವಳಾದ ನನಗೆ ಆ ತಾಳ್ಮೆ ಎಂಥದ್ದು ಅಂತ ಗೊತ್ತು. ಕಾವಲಿಗೆ ಜನ ಹೆಚ್ಚಾದ ಮನೆಯಲ್ಲಿ ಗೇಯುವವರು ಕಡಿಮೆಯಾದ ಹಾಗೆ ಆಗಿತ್ತು ಅಲ್ಲಿ.

ಮಾನ್ಯರೇ, ಈ ಪ್ರಯೋಗದಲ್ಲಿ ನೀವು ಗಮನಿಸಬೇಕಾದ್ದು ಒಂದು ಮಾತು. ಆಹಾರ ಧಾರಾಳವಾಗಿದ್ದಾಗ ವ್ಯತ್ಯಾಸ ಕಾಣಲಿಲ್ಲ.

ಬಂಬಲ್‌ಬೀ ಅನ್ನುವ ದಪ್ಪ ಜೇನುಗಳಲ್ಲೂ ಇದೇ ಕಂಡಿದೆ. ಮೊರೆ ಮತ್ತು ಷ್ಮಿಡ್-ಹೆಂಪೆಲ್ 2000ರಲ್ಲಿ ಪ್ರಕಟಿಸಿದ ಕೆಲಸ ಅದು. ಜೇನಿನ ಮೈಗೆ ರೋಗಾಣುವನ್ನೇ ಬಿಡಲಿಲ್ಲ. ದೇಹ ಮೋಸ ಹೋಗಿ ರಕ್ಷಣೆಗೆ ಎದ್ದು ನಿಲ್ಲುವಂತೆ ಬ್ಯಾಕ್ಟೀರಿಯಾದ ಹೊರಕವಚದ ಒಂದು ತುಣುಕನ್ನು ಚುಚ್ಚಿದರು. ಇನ್ನು ಕೆಲವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಲೇಟೆಕ್ಸ್ ಮಣಿಗಳನ್ನು. ಎರಡೂ ತಾವಾಗಿ ಯಾರನ್ನೂ ಕೊಲ್ಲುವಂಥವಲ್ಲ. ಬೇಕಾದಷ್ಟು ಸಕ್ಕರೆನೀರು ಸಿಗುತ್ತಿದ್ದ ಜೇನುಗಳಿಗೆ ಏನೂ ಆಗಲಿಲ್ಲ. ಉಪವಾಸ ಕೆಡವಿದ ಜೇನುಗಳ ಬದುಕುವ ಅವಧಿ ಮಾತ್ರ ಶೇಕಡಾ 50ರಿಂದ 70ರಷ್ಟು ಕುಸಿಯಿತು. ಶತ್ರುವೇ ಇರಲಿಲ್ಲ. ಯುದ್ಧಕ್ಕೆ ಎದ್ದು ನಿಂತ ಖರ್ಚೇ ಅವನ್ನು ಕೊಂದಿತು.

ಈಗ ನಿಮ್ಮ ತಳಿ ಕೇಂದ್ರಗಳನ್ನು ನೆನಪಿಸಿಕೊಳ್ಳಿ. ಟಗರುಗಳನ್ನು ಅಳೆಯುವುದು ಎಲ್ಲಿ? ಮೇವು, ಹಿಂಡಿ, ನೀರು ಎಲ್ಲ ಹೊತ್ತಿಗೆ ಸರಿಯಾಗಿ ಸಿಗುವ ಕೊಟ್ಟಿಗೆಯಲ್ಲಿ. ಅಲ್ಲಿ ಹುಳದ ಮೊಟ್ಟೆಯೂ ಕಡಿಮೆ, ಮೈತೂಕವೂ ಚೆನ್ನಾಗಿದೆ ಅಂತ ಕಾಣುತ್ತದೆ. ಪ್ರತಿರೋಧಕ್ಕೆ ಏನೂ ಬೆಲೆ ಇಲ್ಲ ಅಂತ ವರದಿ ಬರೆಯಲಾಗುತ್ತದೆ. ಅದೇ ಟಗರಿನ ಮಕ್ಕಳು ಹೋಗುವುದು ಹುಲ್ಲು ಒಣಗಿದ ಬಯಲಿಗೆ. ಬೆಲೆ ಕಟ್ಟಬೇಕಾಗಿ ಬರುವುದು ಅಲ್ಲಿ, ಕಟ್ಟುವುದು ಆ ಕುರಿ, ಮತ್ತು ಅದನ್ನು ನಂಬಿದ ಕುರಿಗಾಹಿ. ಹೊಟ್ಟೆ ತುಂಬಿದ ಪ್ರಾಣಿಯ ಮೇಲೆ ಅಳತೆ ಮಾಡಿ ಹಸಿದ ಪ್ರಾಣಿಯ ಹಣೆಬರಹ ಬರೆಯುತ್ತಿದ್ದೇವೆ. ಇದು ಸರಿಯಲ್ಲ ಅಂತ ಎಷ್ಟು ಒತ್ತಿ ಹೇಳಿದರೂ ನನಗೆ ಸಾಲದು.

ನೊಣ, ಜೇನು ಎಲ್ಲ ಬೇರೆ, ಕುರಿಯೇ ಬೇರೆ ಅಂತ ನೀವು ಹೇಳಬಹುದು. ಹಾಗಾದರೆ ಕುರಿಯ ವಿಷಯಕ್ಕೇ ಬರೋಣ. ತಾಯಿಕುರಿ ಮರಿ ಹಾಕುವ ಆಸುಪಾಸಿನ ವಾರಗಳಲ್ಲಿ ಅದರ ಹಿಕ್ಕೆಯಲ್ಲಿ ಮೊಟ್ಟೆ ಏಕಾಏಕಿ ಏರುತ್ತದೆ. ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಇದು ಗೊತ್ತು. ಆ ವಾರಗಳಲ್ಲಿ ನನ್ನ ಗಾಜಿನ ಮೇಲೆ ಎಣಿಸಿ ಮುಗಿಯದಷ್ಟು ಮೊಟ್ಟೆ. ಹೊಟ್ಟೆಯೊಳಗಿನ ಮರಿ ಕೊನೆಯ ಹಂತದಲ್ಲಿ ವೇಗವಾಗಿ ಬೆಳೆಯುತ್ತಿರುತ್ತದೆ, ಆಮೇಲೆ ಹಾಲು ಇಳಿಯಬೇಕು. ಎರಡಕ್ಕೂ ಪ್ರೋಟೀನ್ ಬೇಕು. ಹುಳವನ್ನು ಹೊಡೆಯುವ ಪ್ರತಿಕಾಯ, ರಕ್ತಕಣ, ಕರುಳಿನ ಲೋಳೆ ಎಲ್ಲವೂ ಪ್ರೋಟೀನಿನಿಂದಲೇ ಆಗಬೇಕು. ತಾಯಿ ಮರಿಯನ್ನು ಆರಿಸಿಕೊಳ್ಳುತ್ತಾಳೆ, ಕಾವಲನ್ನು ಸಡಿಲಿಸುತ್ತಾಳೆ. ಇದು ಬರೀ ಊಹೆಯಲ್ಲ. ಅದೇ ಹೊತ್ತಿಗೆ ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸಿ ಕೊಟ್ಟರೆ ಮೊಟ್ಟೆಯ ಎಣಿಕೆ ಇಳಿಯುತ್ತದೆ. ಎರಡು ಮರಿಗೆ ಹಾಲೂಡಿಸುವವಳಿಗೆ ಒಂದೇ ಮರಿ ಉಳಿಸಿದರೂ ಇಳಿಯುತ್ತದೆ. ಒಂದೇ ಚೀಲದಿಂದ ಎರಡು ಕಡೆ ಖರ್ಚಾಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ.

ಹಾಗೆ ನೋಡಿದರೆ ನನ್ನ ಗಾಜಿನಲ್ಲಿ ಕಂಡ ಆ 16 ಮೊಟ್ಟೆ ಅವಳಿ ಮರಿಗಳ ಹಾಲಿನ ಲೆಕ್ಕವೂ ಆಗಿದ್ದಿರಬಹುದು.

ಯಾರೂ ಮೇವು ಹಾಕದ, ಯಾರೂ ಔಷಧಿ ಕುಡಿಸದ ಕುರಿಗಳಲ್ಲಿ ಏನಾಗುತ್ತದೆ? ಅದಕ್ಕೂ ಉತ್ತರ ಇದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಕಡಲ ನಡುವೆ ಸೇಂಟ್ ಕಿಲ್ಡಾ ಅನ್ನುವ ದ್ವೀಪಗಳ ಗುಂಪಿದೆ. ಅದರಲ್ಲಿ ಹಿರ್ಟಾ ಎಂಬ ದ್ವೀಪದಿಂದ 1930ರಲ್ಲಿ ಜನ ಬಿಟ್ಟುಹೋದರು. 1932ರಲ್ಲಿ ಪಕ್ಕದ ಸೋಯ್ ದ್ವೀಪದಿಂದ 107 ಕುರಿಗಳನ್ನು ತಂದು ಅಲ್ಲಿ ಬಿಟ್ಟರು. ಅಂದಿನಿಂದ ಅವು ತಮ್ಮಷ್ಟಕ್ಕೆ ತಾವು ಬದುಕಿವೆ. 1985ರಿಂದ ವಿಜ್ಞಾನಿಗಳು ಒಂದೊಂದು ಕುರಿಯ ಹುಟ್ಟು, ಸಾವು, ಮರಿ, ಹುಳ ಎಲ್ಲವನ್ನೂ ಬರೆದಿಟ್ಟುಕೊಂಡು ಬಂದಿದ್ದಾರೆ. ಕೆಲವು ಚಳಿಗಾಲಗಳಲ್ಲಿ ಹುಲ್ಲು ಸಾಲದೆ ಅರ್ಧಕ್ಕಿಂತ ಹೆಚ್ಚು ಕುರಿಗಳು ಸಾಯುತ್ತವೆ. ಆಂಡ್ರಿಯಾ ಗ್ರಹಾಂ ಮತ್ತು ಜತೆಗಾರರು ಈ ಕುರಿಗಳ ರಕ್ತದ ಮಾದರಿ ನೋಡಿ 2010ರಲ್ಲಿ ಪ್ರಕಟಿಸಿದರು. ಪ್ರತಿಕಾಯ ಜಾಸ್ತಿ ಇದ್ದ ಹೆಣ್ಣು ಕುರಿಗಳು ಅಂಥ ಕೆಟ್ಟ ಚಳಿಗಾಲವನ್ನು ಹೆಚ್ಚಾಗಿ ದಾಟುತ್ತಿದ್ದವು. ಆದರೆ ವರ್ಷ ವರ್ಷ ಅವಕ್ಕೆ ಆಗುತ್ತಿದ್ದ ಮರಿಗಳು ಕಡಿಮೆ. ಪ್ರತಿಕಾಯ ಕಡಿಮೆ ಇದ್ದವು ಬೇಗ ಸಾಯುತ್ತಿದ್ದವು, ಆದರೆ ಬದುಕಿದ್ದಷ್ಟು ದಿನ ಹೆಚ್ಚು ಮರಿ. ಜೀವಮಾನದ ಒಟ್ಟು ಲೆಕ್ಕ ಹಾಕಿದರೆ ಎರಡೂ ಬಗೆಯವು ಹೆಚ್ಚು ಕಡಿಮೆ ಸಮ. ಅದಕ್ಕೇ ಆ ದ್ವೀಪದಲ್ಲಿ ಇಂದಿಗೂ ಎರಡೂ ಬಗೆಯ ಕುರಿಗಳಿವೆ.

ನಾವು ಒಂದು ಬಗೆಯನ್ನು ಮಾತ್ರ ಉಳಿಸಲು ಹೊರಟಿದ್ದೇವೆ.

ಮೈಯೊಳಗಿನ ರಕ್ಷಣೆಯಷ್ಟೇ ಅಲ್ಲ, ನಡತೆಯಿಂದ ತಪ್ಪಿಸಿಕೊಂಡರೂ ಬೆಲೆ ತಪ್ಪುವುದಿಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ, ಕತ್ತಲಾದ ಮೇಲೆ ಹುಲ್ಲಿನೊಳಗಿಂದ ಕಿರ್ ಕಿರ್ ಎನ್ನುವ ಚಿಮ್ಮಂಡೆ ಹುಳಗಳಿದ್ದವು. ಗಂಡು ರೆಕ್ಕೆ ಉಜ್ಜಿ ಸದ್ದು ಮಾಡಿ ಹೆಣ್ಣನ್ನು ಕರೆಯುತ್ತದೆ. ಅದೇ ಸದ್ದು ಕೇಳಿಕೊಂಡು ಒಂದು ನೊಣವೂ ಬರುತ್ತದೆ. ಅದು ಬಿಟ್ಟ ಮರಿಗಳು ಚಿಮ್ಮಂಡೆಯ ಮೈಯೊಳಗೆ ಕೊರೆದು ಹೋಗಿ ತಿಂದು ಕೊಲ್ಲುತ್ತವೆ. ಅಲ್ಲಿ ಒಂದು ಬದಲಾವಣೆ ಆಯಿತು. ರೆಕ್ಕೆಯ ಮೇಲಿನ, ಸದ್ದು ಹುಟ್ಟಿಸುವ ಗರಗಸದಂಥ ಭಾಗವೇ ಅಳಿಸಿಹೋದ ಗಂಡುಗಳು ಹುಟ್ಟಿದವು. ಮರ್ಲೀನ್ ಝುಕ್ ಮತ್ತವರ ಜತೆಗಾರರು 2006ರಲ್ಲಿ ಬರೆದಂತೆ, 20 ಪೀಳಿಗೆಗಿಂತ ಕಡಿಮೆ ಅವಧಿಯಲ್ಲಿ ಆ ದ್ವೀಪದ ಗಂಡುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮೂಕವಾಗಿದ್ದವು. ನೊಣದಿಂದ ಪ್ರಾಣ ಉಳಿಯಿತು, ಹೆಣ್ಣನ್ನು ಕರೆಯುವ ದನಿ ಹೋಯಿತು. ಅಲ್ಲೊಂದು ಇಲ್ಲೊಂದು ಇನ್ನೂ ಕೂಗುವ ಗಂಡಿನ ಪಕ್ಕ ಹೋಗಿ ನಿಂತು, ಅದರ ಕರೆಗೆ ಬರುವ ಹೆಣ್ಣಿಗಾಗಿ ಈ ಮೂಕ ಗಂಡುಗಳು ಕಾಯುತ್ತವೆ. ಓದಿದಾಗ ಮನಸ್ಸಿಗೆ ಸಂಕಟವಾಗಿತ್ತು.

ಇನ್ನು ಮೂರನೇ ಬಗೆಯ ಬೆಲೆ: ಗುರಿ ತಪ್ಪಿದ ಏಟು. ಹುಳವನ್ನು ಹೊಡೆಯಲು ಎತ್ತಿದ ಕೈ ತನ್ನ ಮೈಮೇಲೇ ಬೀಳುವುದು. ಮನುಷ್ಯರಲ್ಲಿ, ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುವ ಕುಡುಗೋಲು ಕಣ ರೋಗದ (ಸಿಕಲ್ ಸೆಲ್) ವಂಶವಾಹಿ ಒಂದೇ ಪ್ರತಿ ಇದ್ದರೆ ಮಲೇರಿಯಾದ ಮಾರಕ ರೂಪದಿಂದ ರಕ್ಷಣೆ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಜೀವನಪೂರ್ತಿ ನರಳಾಟ. 1954ರಲ್ಲಿ ಆಂಟನಿ ಆಲಿಸನ್ ಇದನ್ನು ತೋರಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಆದರೆ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಉದಾಹರಣೆ ಕುರಿಯಲ್ಲೇ ಇದೆ. ಆಸ್ಟ್ರೇಲಿಯಾದ ಮೆರಿನೊ ಕುರಿಗಳಲ್ಲಿ ಮೊಟ್ಟೆಯ ಎಣಿಕೆ ಕಡಿಮೆ ಇರುವವನ್ನೇ ಆರಿಸುತ್ತಾ ಬೆಳೆಸಿದ ಹಿಂಡುಗಳಿವೆ. ಎಣಿಕೆ ಇಳಿಯಿತು. ಜತೆಗೆ ಭೇದಿ ಕಾಣಿಸಿಕೊಂಡಿತು. ಹುಲ್ಲಿನ ಜತೆ ನುಂಗಿದ ಹುಳದ ಮರಿಗಳನ್ನು ಕಂಡ ಕೂಡಲೇ ಕರುಳು ಅತಿಯಾಗಿ ಕೆರಳುತ್ತದೆ. ಹೊಟ್ಟೆಯೊಳಗೆ ಮೊಟ್ಟೆಯಿಡುವ ಹುಳ ಹೆಚ್ಚಿಲ್ಲದಿದ್ದರೂ ಭೇದಿ ನಿಲ್ಲುವುದಿಲ್ಲ. ಅದು ಹಿಂಭಾಗದ ಉಣ್ಣೆಗೆ ಅಂಟಿ ಗಟ್ಟಿಯಾಗುತ್ತದೆ. ಆ ವಾಸನೆಗೆ ನೊಣ ಬಂದು ಮೊಟ್ಟೆ ಇಡುತ್ತದೆ. ಹುಳುಗಳು ಚರ್ಮವನ್ನೇ ತಿನ್ನತೊಡಗುತ್ತವೆ. ಒಳಗಿನ ಹುಳವನ್ನು ತಡೆದ ಕುರಿಯನ್ನು ಹೊರಗಿನ ಹುಳ ತಿನ್ನುತ್ತದೆ. ಉಣ್ಣೆ ಎತ್ತಿ ಅಂಥ ಗಾಯ ನೋಡಿದವರಿಗೆ ಆ ವಾಸನೆ ಮರೆಯುವುದಿಲ್ಲ. ಅದೇ ಕುರಿಯ ಹಿಕ್ಕೆ ನನ್ನ ಮೇಜಿಗೆ ಬಂದರೆ ನಾನು ಬರೆಯುವುದು ಮಾತ್ರ ಒಳ್ಳೆಯ ಸಂಖ್ಯೆಯನ್ನೇ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಪ್ರತಿರೋಧಕ್ಕೆ ಎಲ್ಲ ಕಡೆಯೂ ಬೆಲೆ ಕಂಡಿಲ್ಲ. ಹುಡುಕಿ ಹುಡುಕಿ ಸಿಗದ ಅಧ್ಯಯನಗಳೂ ಇವೆ. ಕೋಳಿಗಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವೇಗವಾಗಿ ಬೆಳೆಯುವುದಕ್ಕೆ ಆರಿಸಿದ ಕೋಳಿಗಳ ರೋಗನಿರೋಧಕ ಶಕ್ತಿ ಕುಗ್ಗಿದ್ದು ಸ್ಪಷ್ಟವಾಗಿ ಕಂಡಿತು. ಆದರೆ ರೋಗನಿರೋಧಕ ಶಕ್ತಿಗೆ ಆರಿಸಿದ ಕೋಳಿಗಳೆಲ್ಲ ಸಣ್ಣಗಾಗಲಿಲ್ಲ. ಹಾಗಾಗಿ ಪ್ರತಿರೋಧ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಲೆ ಎಷ್ಟು, ಯಾವಾಗ, ಯಾವ ಪ್ರಾಣಿಗೆ ಅನ್ನುವುದನ್ನು ಅಳೆದೇ ತಿಳಿಯಬೇಕು. ನಾವು ಅಳೆಯುತ್ತಿಲ್ಲ. ನನ್ನ ದೂರು ಇರುವುದು ಇಲ್ಲಿ.

ಇನ್ನೊಂದು ದಾರಿಯೂ ಇದೆ. ಹುಳವನ್ನು ಹೊರಗೆ ಹಾಕುವ ಬದಲು, ಹುಳ ಇದ್ದರೂ ಮೈ ಕೆಡದ ಹಾಗೆ ನೋಡಿಕೊಳ್ಳುವುದು. ನಮ್ಮ ಮಾತಿನಲ್ಲಿ ತಾಳಿಕೆ. 2007ರಲ್ಲಿ ಲಾರ್ಸ್ ರೋಬೆರ್ಗ್ ಮತ್ತು ಜತೆಗಾರರು ಇಲಿಗಳಿಗೆ ಮಲೇರಿಯಾ ಕೊಟ್ಟು ಹಲವು ತಳಿಗಳನ್ನು ಹೋಲಿಸಿದರು. ಕೆಲವು ತಳಿಗಳು ಪರೋಪಜೀವಿಯ ಸಂಖ್ಯೆಯನ್ನು ಅಡಗಿಸುವುದರಲ್ಲಿ ಮುಂದು. ಕೆಲವು ಅಷ್ಟೇ ಪರೋಪಜೀವಿ ಇದ್ದರೂ ರಕ್ತವನ್ನೂ ತೂಕವನ್ನೂ ಉಳಿಸಿಕೊಳ್ಳುವುದರಲ್ಲಿ ಮುಂದು. ಒಂದರಲ್ಲಿ ಮುಂದಿದ್ದವು ಸಾಮಾನ್ಯವಾಗಿ ಇನ್ನೊಂದರಲ್ಲಿ ಹಿಂದೆ. ನನ್ನ 800ರ ಕುರಿ ಬಹುಶಃ ಈ ಎರಡನೇ ಬಗೆಯದು. ತಾಳಿಕೆಗೂ ಅದರದೇ ತೊಂದರೆ ಇದೆ, ನಿಜ. ಅಂಥ ಕುರಿ ತಾನು ಚೆನ್ನಾಗಿದ್ದುಕೊಂಡೇ ಹುಲ್ಲುಗಾವಲಿನ ತುಂಬ ಮೊಟ್ಟೆ ಉದುರಿಸುತ್ತಾ ಹೋಗುತ್ತದೆ. ಅದನ್ನು ಮೇಯುವುದು ಎಳೆಯ ಮರಿಗಳು. ಆದರೆ ತಾಳಿಕೆಯನ್ನು ಬರೆದುಕೊಳ್ಳದ ಪಟ್ಟಿಯಲ್ಲಿ ಆ ಕುರಿ ಸುಮ್ನೆ ‘ಕೆಟ್ಟ ಕುರಿ’ ಆಗಿಬಿಡುತ್ತದೆ. ಬರಗಾಲದಲ್ಲಿ ಅವಳಿ ಮರಿ ಸಾಕಿದ್ದು ಎಲ್ಲೂ ದಾಖಲಾಗುವುದಿಲ್ಲ.

ಯಾವ ಕುರಿ ಒಳ್ಳೆಯದು ಅನ್ನುವುದು ಅದು ನಿಂತ ನೆಲದ ಮೇಲೂ ಹೋಗುತ್ತದೆ. ಪೂರ್ವ ಆಫ್ರಿಕಾದ ಕೆಂಪು ಮಸಾಯ್ ಕುರಿ ಸಣ್ಣ ಮೈಯದು, ಆದರೆ ಹಿಮಾಂಕಸ್ ಹುಳಕ್ಕೆ ಗಟ್ಟಿ. ಡಾರ್ಪರ್ ದೊಡ್ಡ ಮೈಯದು, ಹುಳಕ್ಕೆ ಮೆದು. ಕೆನ್ಯಾದ ಕರಾವಳಿಯ ಒದ್ದೆ ನೆಲದಲ್ಲಿ ಹುಳ ಜಾಸ್ತಿ. ಅಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಮರಿ ಉಳಿಸಿ ಗೆದ್ದಿದ್ದು ಕೆಂಪು ಮಸಾಯ್. ಒಣ ನೆಲದಲ್ಲಿ ಆ ಮೇಲುಗೈ ಉಳಿಯಲಿಲ್ಲ. ಹುಳವೇ ಹೆಚ್ಚಿಲ್ಲದ ಕಡೆ ಕಾವಲುಗಾರನನ್ನು ಸಾಕಿ ಏನು ಪ್ರಯೋಜನ?

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ತಳಿಗೆ ಆರಿಸುವ ಟಗರುಗಳ ಮಕ್ಕಳಲ್ಲಿ ಕೆಲವನ್ನಾದರೂ ನಿಜವಾದ ಬಯಲಿನಲ್ಲಿ, ಮೇವು ಕಡಿಮೆಯಿರುವ ತಿಂಗಳುಗಳಲ್ಲಿ ಅಳೆಯಿರಿ. ಮೊಟ್ಟೆಯ ಎಣಿಕೆಯ ಪಕ್ಕದಲ್ಲಿ ಮೈತುಂಬು, ಕಣ್ಣುರೆಪ್ಪೆಯ ಬಣ್ಣ, ಉಳಿದ ಮರಿಗಳ ಸಂಖ್ಯೆ, ಬಾಲದ ಸುತ್ತ ಭೇದಿ ಅಂಟಿದೆಯೇ ಇಲ್ಲವೇ ಅನ್ನುವುದನ್ನು ಬರೆಯಲು ಅಂಕಣ ಕೊಡಿ. ಇವನ್ನೆಲ್ಲ ನೋಡಲು ಯಾವ ಯಂತ್ರವೂ ಬೇಡ, ಹಿಕ್ಕೆ ತೆಗೆಯಲು ಹೋದವರೇ ಅದೇ ನಿಮಿಷದಲ್ಲಿ ನೋಡಬಹುದು. ಮರಿ ಹಾಕಿದ ಹೊಸತರಲ್ಲಿ ತೆಗೆದ ಮಾದರಿಯನ್ನು ಬೇರೆ ಸಮಯದ ಮಾದರಿಯ ಜತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಂದು ಮರಿ ಹೆತ್ತವಳನ್ನೂ ಅವಳಿ ಹೆತ್ತವಳನ್ನೂ ಬೇರೆ ಬೇರೆಯಾಗಿ ಹೋಲಿಸಿ.

ಮತ್ತೆ ಸೊನ್ನೆಯ ಬೆನ್ನು ಬಿಡಿ. ಯಾವುದೇ ಹಿಂಡಿನಲ್ಲಿ ಹುಳಗಳು ಎಲ್ಲ ಕುರಿಗಳಿಗೂ ಸಮವಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಹುಳ ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ನನ್ನ ಮೇಜಿನ ಮೇಲೂ ದಿನಾ ಅದೇ ಕಾಣುತ್ತದೆ. ಹತ್ತಾರು ಗಾಜುಗಳಲ್ಲಿ ಒಂದೆರಡು, ಐದಾರು ಮೊಟ್ಟೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ಗಾಜಿನಲ್ಲಿ ನೂರಾರು. ಆ ಕೊನೆಯ ಕೆಲವು ಕುರಿಗಳನ್ನು ತಳಿಯಿಂದ ದೂರ ಇಟ್ಟರೆ ಹುಲ್ಲುಗಾವಲು ಎಷ್ಟೋ ಹಗುರಾಗುತ್ತದೆ. 800ರವಳನ್ನು ಓಡಿಸಿ ಸೊನ್ನೆಯವಳನ್ನೇ ಎಲ್ಲರ ಅಜ್ಜಿ ಮಾಡಬೇಕಾದ ಅಗತ್ಯ ಇಲ್ಲ. ಗಟ್ಟಿ, ಮೆದು, ನಡುವಿನವು ಎಲ್ಲವೂ ಒಂದಷ್ಟು ಇರಲಿ. ಹಿರ್ಟಾ ದ್ವೀಪದಲ್ಲಿ ಯಾವ ಸಮಿತಿಯೂ ಇಲ್ಲದೆ ಅದು ಹಾಗೆ ಉಳಿದುಕೊಂಡು ಬಂದಿದೆ.

ಸದ್ಯಕ್ಕೆ ಆ ಎರಡು ಕುರಿಗಳೂ ಹಿಂಡಿನಲ್ಲೇ ಇವೆ. ಮುಂದಿನ ಪಟ್ಟಿ ತಯಾರಾಗುವಾಗ ಅವುಗಳ ಕಿವಿ ಸಂಖ್ಯೆಯ ಮುಂದೆ ಮತ್ತೆ ನಾನೇ ಎಣಿಸಿದ ಅಂಕಿ ಇರುತ್ತದೆ. ಆ ಅಂಕಿಯ ಪಕ್ಕ ಬೆನ್ನಿನ ಮೂಳೆ ಕೈಗೆ ಸಿಕ್ಕಿತೇ ಇಲ್ಲವೇ, ಎಷ್ಟು ಮರಿ ಹಾಲು ಕುಡಿಯುತ್ತಿವೆ ಅಂತ ಬರೆಯಲು ಎರಡು ಖಾಲಿ ಅಂಕಣ ಇದ್ದರೆ, ನಾನು ಅದನ್ನೂ ತುಂಬಿ ಕಳಿಸುತ್ತೇನೆ.

ವಂದನೆಗಳೊಂದಿಗೆ,

ಪ್ರಯೋಗಾಲಯದಲ್ಲಿ ಮೊಟ್ಟೆ ಎಣಿಸುವವಳು